ತಲೆಗೆ ಯಂತ್ರ ಇಡಿಸಿಕೊಂಡರೆ ಎಡಿಎಚ್‌ಡಿ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಂದು ಬನಹಟ್ಟಿ, ವಯಸ್ಸು 36. ಮನೆಯಲ್ಲಿ ಪವರ್‌ಲೂಮ್ ಇವೆ, ಸೀರೆ ವ್ಯಾಪಾರ. ಅಣ್ಣ ಮಗ್ಗ ನೋಡಿಕೊಳ್ಳುತ್ತಾನೆ, ಲೆಕ್ಕಪತ್ರ ನನ್ನದು. ಜಿಎಸ್‌ಟಿ ತಾರೀಖು ತಪ್ಪುತ್ತದೆ, ದಂಡ ಕಟ್ಟುತ್ತೇನೆ. ವ್ಯಾಪಾರಿ ಕೊಟ್ಟ ಚೆಕ್ ಅಂಗಿ ಕಿಸೆಯಲ್ಲೇ ಉಳಿದು ಒಗೆಯಲು ಹೋಗಿದೆ. ಶಾಲೆಯಿಂದಲೂ ಹೀಗೇ. ಬೆಳಗಾವಿಯಲ್ಲಿ ಮನೋವೈದ್ಯರು ನೋಡಿ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಅಂದರು. ಅಟೊಮೊಕ್ಸೆಟಿನ್ 40 ಮಿಲಿಗ್ರಾಂ ಬರೆದುಕೊಟ್ಟರು. ಎರಡು ವಾರ ತೆಗೆದುಕೊಂಡೆ. ವಾಕರಿಕೆ ಜಾಸ್ತಿ, ಗುಣ ಏನೂ ಕಾಣಲಿಲ್ಲ, ಬಿಟ್ಟೆ. ಈಗ ಅಲ್ಲಿಯ ಒಂದು ಸೆಂಟರ್‌ನವರು ‘ಮಾತ್ರೆ ಬೇಡ, ಮೆದುಳಿಗೆ ಮ್ಯಾಗ್ನೆಟ್ ಚಿಕಿತ್ಸೆ, 20 ಸಿಟ್ಟಿಂಗ್, 60 ಸಾವಿರ’ ಅಂತಾರೆ. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಹಣೆಗೆ ಕಟ್ಟುವ ಪಟ್ಟಿ ಸಿಗುತ್ತೆ, ಅದನ್ನೇ ತರಿಸು ಅಂತಾನೆ. ಅವ್ವ ನೋಡಿದರೆ ‘ತಲಿಗೆ ಕರೆಂಟ್ ಕೊಡಿಸ್ಕೋತೀಯೇನೋ’ ಅಂತ ಅಳುತ್ತಾಳೆ. ಚಿಕ್ಕವನಿದ್ದಾಗ ಜ್ವರ ಬಂದು ಒಮ್ಮೆ ಫಿಟ್ಸ್ ಆಗಿತ್ತಂತೆ. ಏನು ಮಾಡಲಿ? ಒಂಬತ್ತು ವರ್ಷದ ಮಗನೂ ನನ್ನ ಹಾಗೇ ಇದ್ದಾನೆ, ಅವನಿಗೂ ಇದನ್ನು ಮಾಡಿಸಬಹುದಾ?

ಉತ್ತರ: 60 ಸಾವಿರ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಈ ಚಿಕಿತ್ಸೆ ಮೋಸ ಅಂತಲ್ಲ, ಅಪಾಯ ಅಂತಲೂ ಅಲ್ಲ. ಆದರೆ ನಿಮ್ಮ ಮಾತ್ರೆಯ ಕಥೆ ಇನ್ನೂ ಮುಗಿದೇ ಇಲ್ಲ, ಸರಿಯಾಗಿ ಶುರುವೂ ಆಗಿಲ್ಲ. ಅದನ್ನು ಅರ್ಧಕ್ಕೆ ಬಿಟ್ಟು, ದೊಡ್ಡವರ ಎಡಿಎಚ್‌ಡಿಗೆ ಇನ್ನೂ ಪರೀಕ್ಷೆಯ ಹಂತದಲ್ಲೇ ಇರುವ ಚಿಕಿತ್ಸೆಗೆ ದುಡ್ಡು ಸುರಿಯುವುದು ಬೇಡ ಅನ್ನೋದು ನನ್ನ ಮಾತು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅವ್ವನ ಭಯ. ಅವರು ಹೇಳುತ್ತಿರೋದು ಇಸಿಟಿ, ಜನ ಶಾಕ್ ಅನ್ನೋದು. ಅದರಲ್ಲಿ ಸುಮಾರು 800 ಮಿಲಿಆಂಪಿಯರ್ ಕರೆಂಟನ್ನು ಕೆಲವು ಸೆಕೆಂಡು ಹಾಯಿಸಿ, ಬೇಕಂತಲೇ ಮೆದುಳಿನಲ್ಲಿ ಫಿಟ್ಸ್ ಬರಿಸುತ್ತಾರೆ. ಈಗ ಅದನ್ನೂ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ಮಾಡಬೇಕು, 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೇ ಹೇಳುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ನಾಲ್ಕು ಜನ ಹಿಡಿದುಕೊಂಡು ಕೊಡೋದು ಇಲ್ಲ. ತೀವ್ರ ಖಿನ್ನತೆಯಲ್ಲಿ ಊಟ ಬಿಟ್ಟು ಮಲಗಿದವರನ್ನು ಎಬ್ಬಿಸಿ ಕೂರಿಸುವ ಒಳ್ಳೆಯ ಚಿಕಿತ್ಸೆ ಅದು, ಹೆಸರು ಕೆಟ್ಟಿದೆ ಅಷ್ಟೇ. ಇರಲಿ. ನಿಮಗೆ ಹೇಳುತ್ತಿರೋದು ಅದಲ್ಲ. ಇದರಲ್ಲಿ ಎಚ್ಚರ ತಪ್ಪಿಸುವುದಿಲ್ಲ, ಫಿಟ್ಸ್ ಬರಿಸುವುದಿಲ್ಲ, ಮುಗಿದ ಮೇಲೆ ನೀವೇ ಎದ್ದು ಬಸ್ ಹತ್ತಿ ಊರಿಗೆ ಹೋಗಬಹುದು. ಅವ್ವನಿಗೆ ಇಷ್ಟು ಹೇಳಿ.

ಇನ್ನು ಯಂತ್ರಗಳ ವಿಷಯ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆ ಒಂದಕ್ಕೊಂದು ಬೆರೆತುಹೋಗಿವೆ. ಸೆಂಟರ್‌ನವರು ಹೇಳಿದ್ದು ಟಿಎಂಎಸ್. ಗೆಳೆಯ ಹೇಳಿದ ಪಟ್ಟಿ ಬಹುಶಃ ಟಿಡಿಸಿಎಸ್ ಜಾತಿಯದು.

ಟಿಎಂಎಸ್ ಅಂದರೆ ಆಯಸ್ಕಾಂತದ ಬಲದಿಂದ ಮಾಡುವುದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತವರ ಜೊತೆಗಾರರು 1985ರಲ್ಲಿ ಮೊದಲು ತೋರಿಸಿದ್ದು. ಕುರ್ಚಿಯ ಮೇಲೆ ಒರಗಿ ಕೂರುತ್ತೀರಿ, ಕಿವಿಗೆ ಇಯರ್‌ಪ್ಲಗ್ ಹಾಕುತ್ತಾರೆ. ತಲೆಯ ಮೇಲೆ ತಂತಿಯ ಸುರುಳಿ ಇರುವ ಒಂದು ಕಾಯಿಲ್ ಇಡುತ್ತಾರೆ. ಅದರಲ್ಲಿ ಕ್ಷಣಮಾತ್ರ ಭಾರಿ ಕರೆಂಟ್ ಹರಿದಾಗ ಎಂಆರ್‌ಐ ಯಂತ್ರದ ಮಟ್ಟದ ಕಾಂತಕ್ಷೇತ್ರ ಎದ್ದು, ತಲೆಬುರುಡೆ ದಾಟಿ, ಒಳಗಿನ ಮೆದುಳಿನ ಮೇಲ್ಪದರದಲ್ಲಿ ಚಿಕ್ಕ ಕರೆಂಟ್ ಹುಟ್ಟಿಸುತ್ತದೆ. ಟಕ್ ಟಕ್ ಅಂತ ಜೋರು ಸದ್ದು ಬರುತ್ತದೆ. ಮಗ್ಗದ ಸದ್ದಿನಲ್ಲಿ ಬೆಳೆದ ನಿಮಗೆ ಅದು ದೊಡ್ಡದು ಅನಿಸಲಿಕ್ಕಿಲ್ಲ, ಆದರೂ ಇಯರ್‌ಪ್ಲಗ್ ಬೇಡ ಅನ್ನಬೇಡಿ. ಮೊದಲ ದಿನ ಕೈ ಆಡಿಸುವ ಭಾಗದ ಮೇಲೆ ಕಾಯಿಲ್ ಇಟ್ಟು, ಬಲವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ನಿಮ್ಮ ಹೆಬ್ಬೆರಳು ನೀವು ಹೇಳದೆಯೇ ಚಕ್ ಅಂತ ಎಗರುತ್ತದೆ. ಅದು ನಿಮ್ಮ ಅಳತೆ. ಪ್ರತಿಯೊಬ್ಬರದೂ ಬೇರೆ. ಆ ಅಳತೆ ಇಟ್ಟುಕೊಂಡೇ ಮುಂದಿನ ಚಿಕಿತ್ಸೆಯ ಬಲ ನಿರ್ಧಾರ ಮಾಡುತ್ತಾರೆ. ಈ ಹೆಬ್ಬೆರಳಿನ ಪರೀಕ್ಷೆ ಮಾಡದೆ, ಎಲ್ಲರಿಗೂ ಒಂದೇ ನಂಬರ್ ಇಟ್ಟು ಶುರು ಮಾಡುವ ಜಾಗದಲ್ಲಿ ಕೂರಬೇಡಿ.

ಟಿಡಿಸಿಎಸ್ ಇದಕ್ಕಿಂತ ಎಷ್ಟೋ ಸರಳ. ಬ್ಯಾಟರಿಯ ಚಿಕ್ಕ ಡಬ್ಬಿ, ಎರಡು ವೈರು, ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು. ಸ್ಪಂಜುಗಳನ್ನು ತಲೆಗೆ ಕಟ್ಟಿ 1ರಿಂದ 2 ಮಿಲಿಆಂಪಿಯರ್ ಕರೆಂಟನ್ನು 20–30 ನಿಮಿಷ ಹರಿಸುತ್ತಾರೆ. ಮೊದಲ ಅರ್ಧ ನಿಮಿಷ ಚುರುಚುರು ಅನ್ನುತ್ತದೆ, ಕೆರೆಯಬೇಕು ಅನಿಸುತ್ತದೆ, ಆಮೇಲೆ ಮರೆತೇ ಹೋಗುತ್ತದೆ. ಈ ಕರೆಂಟಿನ ಬಹುಪಾಲು ತಲೆಯ ಚರ್ಮದಲ್ಲೇ ಹರಿದು ಹೋಗುತ್ತದೆ, ಮೆದುಳಿಗೆ ಮುಟ್ಟೋದು ಸ್ವಲ್ಪ. ಟಿಎಂಎಸ್ ನರಕೋಶದ ಬಾಗಿಲು ಬಡಿದು ಎಬ್ಬಿಸುತ್ತದೆ, ಟಿಡಿಸಿಎಸ್ ಬಾಗಿಲಿನ ಚಿಲಕವನ್ನು ಸ್ವಲ್ಪ ಸಡಿಲ ಮಾಡಿ ಬಿಡುತ್ತದೆ ಅಷ್ಟೇ.

ಎರಡರಲ್ಲೂ ಗುರಿ ಹೆಚ್ಚುಕಡಿಮೆ ಒಂದೇ, ಹಣೆಯ ಹಿಂದಿನ ಮೆದುಳಿನ ಭಾಗ. ಒಂದು ಕೆಲಸ ಹಿಡಿದರೆ ಅದರಲ್ಲೇ ನಿಲ್ಲುವುದು, ಮಧ್ಯೆ ಬಂದದ್ದನ್ನು ತಳ್ಳುವುದು, ‘ಇವತ್ತು 20ನೇ ತಾರೀಖು’ ಅಂತ ತಲೆಯಲ್ಲಿ ಇಟ್ಟುಕೊಳ್ಳುವುದು, ಇವಕ್ಕೆಲ್ಲ ಆ ಭಾಗ ಮತ್ತು ಅದಕ್ಕೆ ಸೇರಿದ ಜಾಲ ಬೇಕು. ಎಡಿಎಚ್‌ಡಿಯಲ್ಲಿ ಅದರ ಕೆಲಸ ಸಡಿಲ. ಹಾಗಾದರೆ ಅಲ್ಲಿಗೇ ಚುರುಕು ಮುಟ್ಟಿಸೋಣ ಅನ್ನೋದು ಸಹಜವಾದ ಯೋಚನೆ, ತಪ್ಪೇನಿಲ್ಲ. ಆದರೆ ಯೋಚನೆ ಚೆನ್ನಾಗಿದ್ದರೆ ಸಾಕಾಗಲ್ಲ, ಜನರ ಮೇಲೆ ಕೆಲಸ ಮಾಡಬೇಕಲ್ವಾ?

ಟಿಎಂಎಸ್‌ಗೆ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಲ್ಲಿಯ ಸರ್ಕಾರಿ ಸಂಸ್ಥೆ) 2008ರಲ್ಲಿ ಖಿನ್ನತೆಗಾಗಿ ಒಪ್ಪಿಗೆ ಕೊಟ್ಟಿತು, 2018ರಲ್ಲಿ ಓಸಿಡಿಗೆ, ಅಂದರೆ ಗೀಳು ಕಾಯಿಲೆಗೆ. ಎಡಿಎಚ್‌ಡಿಗೆ ಕೊಟ್ಟಿಲ್ಲ. ಸೆಂಟರ್‌ಗಳ ಬೋರ್ಡಿನಲ್ಲಿ ‘ಎಫ್‌ಡಿಎ ಒಪ್ಪಿದ ಯಂತ್ರ’ ಅಂತ ದೊಡ್ಡದಾಗಿ ಇರುತ್ತದೆ. ಸುಳ್ಳಲ್ಲ ಅದು. ಆದರೆ ಒಪ್ಪಿದ್ದು ಬೇರೆ ಕಾಯಿಲೆಗೆ. ದೊಡ್ಡವರ ಎಡಿಎಚ್‌ಡಿ ಮೇಲೆ ಟಿಎಂಎಸ್ ಅಧ್ಯಯನಗಳು ಇಲ್ಲ ಅಂತಲ್ಲ, ಇವೆ, ಎಲ್ಲವೂ ಚಿಕ್ಕವು. 2010ರಲ್ಲಿ ಇಸ್ರೇಲಿನಲ್ಲಿ 13 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಬಲಗಡೆ ಕೊಟ್ಟಾಗ ಗಮನ ಸ್ವಲ್ಪ ಸುಧಾರಿಸಿತು. 2012ರಲ್ಲಿ ಅಮೆರಿಕದಲ್ಲಿ ಹದಿಹರೆಯದವರು, ಯುವಜನರು ಸೇರಿ 9 ಜನರ ಮೇಲೆ ಮಾಡಿದ್ದರಲ್ಲಿ ಅಸಲಿ ಕೊಟ್ಟಾಗಲೂ ನಕಲಿ ಕೊಟ್ಟಾಗಲೂ ಒಂದೇ ತರಹ ಗುಣ ಕಂಡಿತು. 2018ರಲ್ಲಿ 22 ಜನ ವಯಸ್ಕರಿಗೆ ಆಳಕ್ಕೆ ಮುಟ್ಟುವ ಟಿಎಂಎಸ್ ಕೊಟ್ಟು ನೋಡಿದರು, ನಕಲಿಗಿಂತ ಹೆಚ್ಚಿನದೇನೂ ಕಾಣಲಿಲ್ಲ. 2020ರಲ್ಲಿ ಮತ್ತೆ ಇಸ್ರೇಲಿನಲ್ಲಿ ಬಲಗಡೆಗೆ ಮಾತ್ರ ಕೊಟ್ಟ ಅಧ್ಯಯನದಲ್ಲಿ ಪ್ರಯೋಜನ ಕಂಡಿತು. ಹೀಗೆ ಒಂದು ಹೌದು, ಒಂದು ಇಲ್ಲ. ಇಂಥ ಸ್ಥಿತಿಯಲ್ಲಿ ‘20 ಸಿಟ್ಟಿಂಗ್‌ನಲ್ಲಿ ಗುಣ’ ಅಂತ ಯಾರಾದರೂ ಹೇಳಿದರೆ ಅವರು ಸಂಶೋಧನೆ ಓದಿಲ್ಲ, ಇಲ್ಲವೇ ಓದಿಯೂ ನಿಮಗೆ ಹೇಳುತ್ತಿಲ್ಲ.

ನಕಲಿ ಅಂದರೆ ಏನು ಅಂತ ಕೇಳಬಹುದು. ಕುರ್ಚಿ, ಕಾಯಿಲ್, ಸದ್ದು ಎಲ್ಲ ಇರುತ್ತದೆ, ಮೆದುಳಿಗೆ ಮಾತ್ರ ಏನೂ ಹೋಗುವುದಿಲ್ಲ. ಟಿಡಿಸಿಎಸ್‌ನಲ್ಲಾದರೆ ಮೊದಲ ಚುರುಚುರು ಬರಿಸಿ ಕರೆಂಟ್ ನಿಲ್ಲಿಸಿಬಿಡುತ್ತಾರೆ. ಇದು ಯಾಕೆ ಬೇಕು? ದಿನಾ ಒಂದೇ ಹೊತ್ತಿಗೆ ಎದ್ದು, ತಯಾರಾಗಿ, ಆಸ್ಪತ್ರೆಗೆ ಹೋಗಿ, ಅಲ್ಲಿ ಒಬ್ಬರು ‘ಹೇಗಿದ್ದೀರಿ, ನಿನ್ನೆ ಏನು ಕೆಲಸ ಮಾಡಿದ್ರಿ’ ಅಂತ ಕೇಳಿ, ಮನೆಯವರೂ ಸ್ವಲ್ಪ ಮೆತ್ತಗೆ ಮಾತಾಡಿಸಲು ಶುರು ಮಾಡಿದರೆ, ಎಡಿಎಚ್‌ಡಿ ಇರುವವರು ಯಂತ್ರ ಆನ್ ಮಾಡದಿದ್ದರೂ ಒಂದಷ್ಟು ಸುಧಾರಿಸುತ್ತಾರೆ. 60 ಸಾವಿರ ಕೊಟ್ಟವರಿಗೆ ಗುಣ ಆಗಲೇಬೇಕು ಅಂತ ಮನಸ್ಸು ಬೇರೆ ಇರುತ್ತದೆ! ಅದಕ್ಕೇ ‘ನಮ್ಮಲ್ಲಿ ಇಷ್ಟು ಜನಕ್ಕೆ ಗುಣ ಆಗಿದೆ’ ಅನ್ನೋ ವಿಡಿಯೋಗಳಿಗೆ ನಾನು ಬೆಲೆ ಕೊಡುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ.

ಟಿಡಿಸಿಎಸ್ ಕಡೆ ಸ್ವಲ್ಪ ಹೆಚ್ಚು ಭರವಸೆ ಇದೆ, ಅದನ್ನೂ ಪೂರ್ತಿ ಹೇಳಬೇಕು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಊರಿನ ಆಸ್ಪತ್ರೆಯವರು 2019ರಿಂದ 2021ರ ನಡುವೆ 64 ವಯಸ್ಕರ ಮೇಲೆ ಒಂದು ಅಧ್ಯಯನ ಮಾಡಿದರು. 2022ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಇವರು ಯಾರೂ ಸ್ಟಿಮ್ಯುಲೆಂಟ್ ಮಾತ್ರೆ, ಅಂದರೆ ಮೆದುಳನ್ನು ಚುರುಕು ಮಾಡುವ ಮಾತ್ರೆ, ತೆಗೆದುಕೊಳ್ಳುತ್ತಿರಲಿಲ್ಲ. ಯಂತ್ರವನ್ನು ಮನೆಗೇ ಕೊಟ್ಟು, ಕಲಿಸಿ, ದಿನಕ್ಕೆ 30 ನಿಮಿಷ, 2 ಮಿಲಿಆಂಪಿಯರ್, ನಾಲ್ಕು ವಾರ, ಒಟ್ಟು 28 ಸಲ ಮಾಡಿಸಿದರು. ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ನಕಲಿ. ಗಮನದ ಸಮಸ್ಯೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳಿವೆ. ಪ್ರತಿಯೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಗರಿಷ್ಠ 36. ಕೊನೆಗೆ ಅಸಲಿ ಗುಂಪಿನ ಸರಾಸರಿ 18.88ಕ್ಕೆ ಇಳಿದಿತ್ತು, ನಕಲಿ ಗುಂಪಿನದು 23.63. ಹತ್ತಿರ ಹತ್ತಿರ ಐದು ಅಂಕದ ವ್ಯತ್ಯಾಸ. ಇದು ಚಿಕ್ಕದಲ್ಲ. ಚರ್ಮ ಕೆಂಪಾಗುವುದು, ತಲೆನೋವು, ತಲೆಚರ್ಮ ಸ್ವಲ್ಪ ಸುಡುವುದು, ಇವು ಅಸಲಿ ಗುಂಪಿನಲ್ಲಿ ಜಾಸ್ತಿ ಇದ್ದವು, ಆದರೆ ಸೌಮ್ಯ. ಓದಿದಾಗ ನನಗೂ ಖುಷಿ ಆಯಿತು. ನಮ್ಮ ಕಡೆಯ ಜನರಿಗೆ ದಿನಾ ಬೆಳಗಾವಿಗೆ ಬರದೆ ಮನೆಯಲ್ಲೇ ಮಾಡಿಕೊಳ್ಳುವ ಚಿಕಿತ್ಸೆ ಅಂದರೆ ಎಷ್ಟು ಅನುಕೂಲ ಅಲ್ವಾ.

ಆದರೆ ಅದು ಒಂದೇ ಆಸ್ಪತ್ರೆಯ ಒಂದೇ ಅಧ್ಯಯನ. ಇಂಗ್ಲೆಂಡಿನಲ್ಲಿ ಎಡಿಎಚ್‌ಡಿ ಇರುವ 50 ಹುಡುಗರಿಗೆ 15 ಸಲ ಟಿಡಿಸಿಎಸ್ ಕೊಟ್ಟು, ಜೊತೆಗೆ ಕಂಪ್ಯೂಟರ್ ಮೇಲೆ ಗಮನದ ಅಭ್ಯಾಸ ಮಾಡಿಸಿದಾಗ ನಕಲಿಗಿಂತ ಹೆಚ್ಚಿನ ಗುಣ ಸಿಗಲಿಲ್ಲ. ಅಲ್ಲಿ ಮಕ್ಕಳು, ಇಲ್ಲಿ ದೊಡ್ಡವರು, ಕರೆಂಟ್ ಕೊಟ್ಟ ಜಾಗವೂ ಬೇರೆ, ಹಾಗಾಗಿ ಒಂದು ಇನ್ನೊಂದನ್ನು ಹೊಡೆದುಹಾಕುವುದಿಲ್ಲ. ಆದರೂ ಎಚ್ಚರಿಕೆ ಬೇಕು.

ನನಗೆ ಇದೆಲ್ಲದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. 2025ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ದೊಡ್ಡವರ ಎಡಿಎಚ್‌ಡಿಯ ಎಲ್ಲ ಬಗೆಯ ಚಿಕಿತ್ಸೆಗಳನ್ನು ಒಟ್ಟಿಗೆ ಇಟ್ಟು ತೂಗಿದ ವರದಿ ಬಂತು. 113 ಪ್ರಯೋಗಗಳು, 14,887 ಜನ. ಅದರಲ್ಲಿ ಸ್ಟಿಮ್ಯುಲೆಂಟ್ ಮಾತ್ರೆಗಳು ಮತ್ತು ನೀವು ಬಿಟ್ಟ ಅಟೊಮೊಕ್ಸೆಟಿನ್, ಇವೆರಡು ಮಾತ್ರ ಡಾಕ್ಟರ ಅಳತೆಯಲ್ಲೂ ಪೇಷಂಟ್ ತಾನೇ ತುಂಬಿದ ಫಾರಂನಲ್ಲೂ ಕೆಲಸ ಮಾಡಿದವು. ಟಿಡಿಸಿಎಸ್, ಮಾತಿನ ಚಿಕಿತ್ಸೆ, ಧ್ಯಾನದ ತರಬೇತಿ ಇವೆಲ್ಲ ಡಾಕ್ಟರ ಅಳತೆಯಲ್ಲಿ ಗೆದ್ದವು, ಪೇಷಂಟ್ ಫಾರಂನಲ್ಲಿ ಗೆಲ್ಲಲಿಲ್ಲ. ಅಂದರೆ ಎದುರು ಕೂತು ಅಂಕ ಹಾಕಿದವರಿಗೆ ಬದಲಾವಣೆ ಕಂಡಿತು, ಬದುಕುತ್ತಿರುವವರಿಗೆ ಅಷ್ಟು ಕಾಣಲಿಲ್ಲ. ಇದಕ್ಕೆ ಹಲವು ಕಾರಣ ಇರಬಹುದು. ತನ್ನ ಬಗ್ಗೆ ತಾನು ಅಂದಾಜು ಮಾಡುವುದು ಎಡಿಎಚ್‌ಡಿ ಇರುವವರಿಗೆ ಕಷ್ಟ, ‘ನಾನು ಯಾವಾಗಲೂ ಹೀಗೇ’ ಅನ್ನೋ ಮಾತು ಬಾಯಲ್ಲಿ ಕೂತಿರುತ್ತದೆ. ಇಲ್ಲವೇ ಯಾರಿಗೆ ಅಸಲಿ, ಯಾರಿಗೆ ನಕಲಿ ಅಂತ ಅಳೆಯುವವರಿಗೆ ಸುಳಿವು ಸಿಕ್ಕಿರಬಹುದು. ನೀವು ದುಡ್ಡು ಕೊಡುವವರು. ನಿಮಗೆ ಬೇಕಿರೋದು ನನ್ನ ಫಾರಂನಲ್ಲಿ ಐದು ಅಂಕ ಇಳಿಯುವುದಲ್ಲ, ಆ ಚೆಕ್ ಒಗೆಯಲು ಹೋಗದಿರುವುದು. ಹಾಗಾಗಿ ನಾನು ಪೇಷಂಟ್ ಫಾರಂ ಕಡೆಗೇ ಹೆಚ್ಚು ನೋಡುತ್ತೇನೆ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ನಿಮಗೆ ನೇರ ಸಂಬಂಧ ಇರುವಂಥದ್ದು. ಅಟೊಮೊಕ್ಸೆಟಿನ್ ಕೆಲಸ ಮಾಡುತ್ತದೆ, ಆದರೆ ಮಧ್ಯದಲ್ಲೇ ಬಿಟ್ಟು ಹೋಗುವವರು ಅದರಲ್ಲಿ ಸುಳ್ಳುಮಾತ್ರೆಗಿಂತ ಜಾಸ್ತಿ. ನಿಮ್ಮ ತರಹದವರು ಅಲ್ಲೂ ಇದ್ದಾರೆ!

ಈಗ ನಿಮ್ಮ ಮಾತ್ರೆಗೆ ಬರೋಣ. 40 ಮಿಲಿಗ್ರಾಂ ಅನ್ನೋದು ದೊಡ್ಡವರಿಗೆ ಶುರು ಮಾಡುವ ಪ್ರಮಾಣ. ಸಾಮಾನ್ಯವಾಗಿ 80ರವರೆಗೆ ಏರಿಸುತ್ತಾರೆ, ಬೇಕಾದರೆ 100. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ, ಪೂರ್ತಿ ತಿಳಿಯಲು ಕೆಲವರಿಗೆ ಮೂರು ತಿಂಗಳು. ನೀವು ನೋಡಿದ್ದು ಎರಡು ವಾರ. ಆ ಎರಡು ವಾರದಲ್ಲಿ ಸಿಗೋದು ಬರೀ ವಾಕರಿಕೆ, ಬಾಯಿ ಒಣಗುವುದು, ಊಟ ಸೇರದಿರುವುದು. ಗುಣ ಆಮೇಲೆ ಬರುತ್ತದೆ. ಈ ವಿಷಯವನ್ನು ಮೊದಲೇ ಬಿಡಿಸಿ ಹೇಳಿದ್ದರೆ ನೀವು ಬಿಡುತ್ತಿರಲಿಲ್ಲವೇನೋ, ಆದರೆ ಒಪಿಡಿಯ ಗದ್ದಲದಲ್ಲಿ ಎಷ್ಟೋ ಮಾತು ಉಳಿದುಹೋಗುತ್ತವೆ.

ವಾಕರಿಕೆಗೆ ದಾರಿ ಇದೆ. ಬರೀ ಹೊಟ್ಟೆಯಲ್ಲಿ ಚಹಾ ಜೊತೆ ನುಂಗಿದ್ದರೆ ಅದು ಬರೋದೇ. ರೊಟ್ಟಿ ಊಟ ಆದ ಮೇಲೆ ತೆಗೆದುಕೊಳ್ಳಿ. 40 ತಡೆಯದಿದ್ದರೆ 18 ಅಥವಾ 25ರಿಂದ ಶುರು ಮಾಡಿ ನಿಧಾನ ಏರಿಸಲು ನಿಮ್ಮ ಡಾಕ್ಟರನ್ನು ಕೇಳಿ. ಕೆಲವರ ಲಿವರ್ ಹುಟ್ಟಿನಿಂದಲೇ ಈ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ, ಅಂಥವರಿಗೆ ಕಡಿಮೆ ಪ್ರಮಾಣವೇ ಹೆಚ್ಚಾಗಿ ಹೊಡೆಯುತ್ತದೆ. ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ತರಹದ ಖಿನ್ನತೆಯ ಮಾತ್ರೆ ಜೊತೆಗೆ ಇದ್ದರೂ ಹಾಗೇ ಆಗುತ್ತದೆ. ಬೇರೆ ಏನಾದರೂ ಮಾತ್ರೆ ತಗೋತಿದ್ರೆ ಮುಚ್ಚಿಡಬೇಡಿ. ಬಿಪಿ ಮತ್ತು ನಾಡಿ ಬಡಿತ ಸ್ವಲ್ಪ ಏರಬಹುದು, ಮೂತ್ರ ಕಟ್ಟಿದ ಹಾಗೆ ಆಗಬಹುದು, ದಾಂಪತ್ಯದ ವಿಷಯದಲ್ಲೂ ತೊಂದರೆ ಆಗಬಹುದು. ಹಾಗೇನಾದರೂ ಆದರೆ ಹೇಳಿ, ಡಾಕ್ಟರ ಹತ್ತಿರ ನಾಚಿಕೆ ಏನು.

ಇದು ನಿಜವಾಗಿಯೂ ಆಗಿ ಬರದಿದ್ದರೆ ಮಿಥೈಲ್‌ಫೆನಿಡೇಟ್ ಇದೆ, ಮೇಲೆ ಹೇಳಿದ ಸ್ಟಿಮ್ಯುಲೆಂಟ್ ಜಾತಿಯದು. ಅದು ತೆಗೆದುಕೊಂಡ ದಿನವೇ, ಒಂದೆರಡು ಗಂಟೆಯಲ್ಲೇ ತಿಳಿಯುತ್ತದೆ. ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲಿ ಇರುವುದರಿಂದ ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ, ಬನಹಟ್ಟಿ, ಜಮಖಂಡಿಯಲ್ಲಿ ಅಲೆಯಬೇಕಾಗಬಹುದು, ಚೀಟಿ ಇಲ್ಲದೆ ಕೊಡುವುದೂ ಇಲ್ಲ. ಆದರೂ ಯಂತ್ರಕ್ಕಿಂತ ಮೊದಲು ಇದು.

ಜೊತೆಗೆ ಮಾತಿನ ಚಿಕಿತ್ಸೆ. ಕೂತು ಬಾಲ್ಯದ ನೋವು ಹೇಳಿಕೊಳ್ಳುವಂಥದ್ದಲ್ಲ. ದಿನದ ಕೆಲಸವನ್ನು ಹೇಗೆ ಕಟ್ಟಿಕೊಳ್ಳುವುದು ಅಂತ ಕಲಿಸುವಂಥದ್ದು. ನಿಮ್ಮ ವಿಷಯದಲ್ಲೇ ಹೇಳಬೇಕಂದರೆ, ಮನೆ ಬಾಗಿಲ ಪಕ್ಕ ಒಂದು ಸ್ಟೀಲ್ ಡಬ್ಬಿ ಇಡಿ. ಒಳಗೆ ಕಾಲಿಟ್ಟ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ಎರಡೂ ಕಿಸೆ ಅದರಲ್ಲಿ ಖಾಲಿ. ಚೆಕ್, ಚೀಟಿ, ಚಿಲ್ಲರೆ, ಕೀಲಿ ಎಲ್ಲ. ‘ಆಮೇಲೆ ತೆಗೀತೀನಿ’ ಅನ್ನೋದೇ ಬೇಡ, ಎಡಿಎಚ್‌ಡಿಯಲ್ಲಿ ಆಮೇಲೆ ಅನ್ನೋದು ಬರೋದಿಲ್ಲ. ಜಿಎಸ್‌ಟಿ ಕೊನೆಯ ತಾರೀಖನ್ನು ಮನಸ್ಸಿನಿಂದ ತೆಗೆದುಹಾಕಿ, ಅದಕ್ಕಿಂತ ಐದು ದಿನ ಮೊದಲು ನಿಮ್ಮ ಟ್ಯಾಕ್ಸ್ ನೋಡುವವರು ನಿಮಗೆ ಫೋನ್ ಮಾಡಬೇಕು ಅಂತ ಮಾತಾಡಿಕೊಳ್ಳಿ. ನೀವು ಅವರಿಗೆ ಮಾಡುವುದಲ್ಲ, ಅವರು ನಿಮಗೆ. ನೆನಪಿಡುವ ಕೆಲಸ ತಲೆಯಿಂದ ಹೊರಗೆ ಹೋಗಬೇಕು. ಇದು ಸಣ್ಣದು ಅನಿಸಬಹುದು. ಮಾತ್ರೆ ಕೆಲಸ ಮಾಡಿದರೂ ಇದು ಬೇಕೇ ಬೇಕು, ಯಾಕೆಂದರೆ ಮಾತ್ರೆ ಗಮನ ಕೊಡುತ್ತದೆ, ಪದ್ಧತಿ ಕೊಡುವುದಿಲ್ಲ.

ನಿದ್ದೆಯ ಬಗ್ಗೆ ನೀವು ಏನೂ ಬರೆದಿಲ್ಲ. ಮಗ್ಗದ ಮನೆಗಳಲ್ಲಿ ರಾತ್ರಿ ಪಾಳಿ, ಕರೆಂಟ್ ಬಂದಾಗ ಕೆಲಸ, ಐದು ಗಂಟೆ ನಿದ್ದೆ, ಇವೆಲ್ಲ ಸಾಮಾನ್ಯ. ನಿದ್ದೆ ಕಡಿಮೆ ಆದವರ ಗಮನ ಎಡಿಎಚ್‌ಡಿ ಇರುವವರ ಹಾಗೇ ಇರುತ್ತದೆ. ಜೋರು ಗೊರಕೆ ಇದ್ದರೆ, ಬೆಳಿಗ್ಗೆ ತಲೆ ಭಾರ ಇದ್ದರೆ ಅದನ್ನು ಪರೀಕ್ಷೆ ಮಾಡಿಸಿ. ಥೈರಾಯ್ಡ್, ರಕ್ತಹೀನತೆ ಕೂಡ ಒಮ್ಮೆ ನೋಡಿಬಿಡಲಿ. ನಿಮ್ಮದು ಶಾಲೆಯಿಂದಲೇ ಇದೆ ಅಂದಿದ್ದೀರಿ, 12 ವರ್ಷಕ್ಕೆ ಮೊದಲೇ ಲಕ್ಷಣ ಇರಬೇಕು ಅನ್ನೋದು ಎಡಿಎಚ್‌ಡಿ ಅನ್ನಲು ಮುಖ್ಯವಾದ ನಿಯಮ, ಹಾಗಾಗಿ ರೋಗ ಗುರುತಿಸಿದ್ದು ಸರಿಯೇ ಇರಬೇಕು. ಸೆಂಟರ್‌ನವರು ‘ಬ್ರೈನ್ ಮ್ಯಾಪ್ ತೆಗೆದು ಖಚಿತ ಮಾಡ್ತೀವಿ’ ಅಂತ ಬಣ್ಣಬಣ್ಣದ ಚಿತ್ರ ತೋರಿಸಿದರೆ ಅದಕ್ಕೆ ಬೇರೆ ದುಡ್ಡು ಕೊಡಬೇಡಿ. ಎಡಿಎಚ್‌ಡಿ ತಿಳಿಯೋದು ಮಾತಾಡಿ, ಹಳೆಯದು ಕೇಳಿ, ಮನೆಯವರನ್ನು ವಿಚಾರಿಸಿ. ಇಂಥ ಕಡೆ ನ್ಯೂರೋಫೀಡ್‌ಬ್ಯಾಕ್, ಅಂದರೆ ಮೆದುಳಿನ ಅಲೆಗಳನ್ನು ಪರದೆಯ ಮೇಲೆ ನೋಡುತ್ತಾ ಹಿಡಿತಕ್ಕೆ ತರುವ ಅಭ್ಯಾಸ, ಅದನ್ನೂ ಪ್ಯಾಕೇಜಿಗೆ ಸೇರಿಸುತ್ತಾರೆ. 38 ಪ್ರಯೋಗಗಳನ್ನು ಕೂಡಿಸಿ 2024ರಲ್ಲಿ ಬಂದ ವರದಿಯಲ್ಲಿ, ಯಾರಿಗೆ ಏನು ಕೊಟ್ಟಿದೆ ಅಂತ ಗೊತ್ತಿಲ್ಲದವರು ಅಳೆದಾಗ, ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಗೆಳೆಯ ಹೇಳಿದ ಪಟ್ಟಿ ಬೇಡವೇ ಬೇಡ. ಇಲ್ಲೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಟಿಡಿಸಿಎಸ್‌ನಲ್ಲಿ ಒಂದು ಸ್ಪಂಜು ಪ್ಲಸ್, ಇನ್ನೊಂದು ಮೈನಸ್. ಖಿನ್ನತೆಗೆ ಮಾಡುವಾಗ ಸಾಮಾನ್ಯವಾಗಿ ಎಡ ಹಣೆಯ ಕಡೆ ಪ್ಲಸ್ ಇಡುತ್ತಾರೆ, ಬಲಕ್ಕೆ ಮೈನಸ್. ಬ್ರೆಜಿಲ್‌ನವರು ಎಡಿಎಚ್‌ಡಿಗೆ ಮಾಡಿದ್ದು ಅದರ ಉಲ್ಟಾ, ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಖಿನ್ನತೆಗೆ ಅಂತ ಮಾಡಿದ ರೆಡಿಮೇಡ್ ಪಟ್ಟಿಯನ್ನು ತಂದು ಎಡಿಎಚ್‌ಡಿಗೆ ಕಟ್ಟಿಕೊಂಡರೆ ಆ ಅಧ್ಯಯನದಲ್ಲಿ ಕೊಟ್ಟದ್ದರ ವಿರುದ್ಧ ದಿಕ್ಕಿನ ಕರೆಂಟ್ ಕೊಟ್ಟುಕೊಂಡ ಹಾಗೆ. ಸ್ಪಂಜು ಒಣಗಿದರೆ ಕರೆಂಟ್ ಒಂದೇ ಕಡೆ ಸೇರಿ ಚರ್ಮ ಸುಡುತ್ತದೆ. ‘30 ನಿಮಿಷಕ್ಕೆ ಇಷ್ಟು ಗುಣ ಅಂದರೆ ಎರಡು ಗಂಟೆಗೆ ಎಷ್ಟಿರಬೇಡ’ ಅಂತ ಕೂರುವವರೂ ಇದ್ದಾರೆ. ಹೊತ್ತು ಜಾಸ್ತಿ ಆದರೆ ಪರಿಣಾಮವೇ ತಿರುಗಿಬಿಡಬಹುದು. ಮನೆಯಲ್ಲೇ ತಾವಾಗಿ ಮಾಡಿಕೊಳ್ಳುವವರಿಗೆ ಎಚ್ಚರಿಕೆ ಕೊಟ್ಟು ಈ ಕ್ಷೇತ್ರದ ಸಂಶೋಧಕರೇ 2016ರಲ್ಲಿ ಬಹಿರಂಗ ಪತ್ರ ಬರೆದರು. ಬ್ರೆಜಿಲ್‌ನಲ್ಲೂ ಮನೆಯಲ್ಲೇ ಮಾಡಿಸಿದರು ನಿಜ, ಆದರೆ ಜಾಗ, ಬಲ, ಹೊತ್ತು ಎಲ್ಲ ಅವರೇ ಗೊತ್ತುಮಾಡಿ, ಹಿಂದೆ ನಿಂತು ನೋಡಿಕೊಳ್ಳುತ್ತಿದ್ದರು.

ಚಿಕ್ಕಂದಿನ ಫಿಟ್ಸ್ ವಿಷಯ ಬರೆದದ್ದು ಒಳ್ಳೆಯದಾಯಿತು. ಜ್ವರದಲ್ಲಿ ಒಮ್ಮೆ ಬಂದು ಹೋದದ್ದು ಮೂರ್ಛೆರೋಗ ಅಲ್ಲ, ಆ ಒಂದೇ ಕಾರಣಕ್ಕೆ ಟಿಎಂಎಸ್ ಕೊಡಲೇಬಾರದು ಅಂತ ಇಲ್ಲ. ಆದರೆ ಟಿಎಂಎಸ್‌ನ ದೊಡ್ಡ ಅಪಾಯ ಅಂದರೆ ಫಿಟ್ಸೇ. ಸಾವಿರಕ್ಕೆ ಒಬ್ಬರಿಗೂ ಆಗುವುದಿಲ್ಲ, ಆದರೂ ನಿದ್ದೆಗೆಟ್ಟವರಿಗೆ, ಕುಡಿಯುವವರಿಗೆ, ಬುಪ್ರೊಪಿಯಾನ್ ತರಹದ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ, ಫಿಟ್ಸ್ ಇತಿಹಾಸ ಇರುವವರಿಗೆ ಅದರ ಸಾಧ್ಯತೆ ಹೆಚ್ಚು. ಆ ಸೆಂಟರ್‌ನವರು ನಿಮ್ಮನ್ನು ಇದನ್ನು ಕೇಳಿದರಾ? ತಲೆಯಲ್ಲಿ ಕ್ಲಿಪ್ ಇದೆಯಾ, ಕಿವಿಯೊಳಗೆ ಯಂತ್ರ ಇದೆಯಾ, ಪೇಸ್‌ಮೇಕರ್ ಇದೆಯಾ ಅಂತ ಕೇಳಿದರಾ? ಕೇಳದೆಯೇ ರೇಟ್ ಹೇಳಿದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ.

ಇಷ್ಟೆಲ್ಲ ಆದ ಮೇಲೂ, ಎರಡು ಬಗೆಯ ಮಾತ್ರೆ ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ನೋಡಿ ಆಗದಿದ್ದರೆ, ಆಗ ಯಂತ್ರದ ಮಾತು ಎತ್ತಬಹುದು. ನಾನು ಟಿಡಿಸಿಎಸ್ ಕಡೆಗೇ ಮೊದಲು ನೋಡುತ್ತೇನೆ, ಅದೂ ಯಾವುದಾದರೂ ಮೆಡಿಕಲ್ ಕಾಲೇಜಿನವರು ಅಧ್ಯಯನ ಮಾಡುತ್ತಿದ್ದರೆ. ಅಧ್ಯಯನದಲ್ಲಿ ಚಿಕಿತ್ಸೆಗೆ ದುಡ್ಡು ಕೇಳಬಾರದು, ಒಪ್ಪಿಗೆ ಪತ್ರ ಕನ್ನಡದಲ್ಲೇ ಕೊಡಬೇಕು, ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಡಿಸಿಎಸ್ ಮೇಲೆ, ಮುಖ್ಯವಾಗಿ ಸ್ಕಿಜೋಫ್ರೇನಿಯಾದಲ್ಲಿ, ವರ್ಷಗಳಿಂದ ಕೆಲಸ ನಡೆದಿದೆ. ಖಾಸಗಿ ಸೆಂಟರ್‌ಗೇ ಹೋಗುವುದಾದರೆ ಮನೋವೈದ್ಯರು ಯಾರು, ಅವರು ಅಲ್ಲೇ ಇರುತ್ತಾರಾ ಅಥವಾ ಬೋರ್ಡಿನಲ್ಲಿ ಮಾತ್ರವಾ ಅಂತ ಕೇಳಿ. ಎಡಕ್ಕಾ ಬಲಕ್ಕಾ, ಯಾಕೆ ಅಂತ ಕೇಳಿ. ಶುರುವಿಗೆ ಮೊದಲು ಯಾವ ಫಾರಂನಲ್ಲಿ ಅಳೆಯುತ್ತೀರಿ, ಹತ್ತನೇ ಸಲಕ್ಕೆ ಮತ್ತೆ ಅಳೆದು ಏನೂ ಬದಲಾಗದಿದ್ದರೆ ನಿಲ್ಲಿಸುತ್ತೀರಾ ಅಂತ ಕೇಳಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಖರ್ಚು ಲೆಕ್ಕ ಹಾಕುವಾಗ ಬನಹಟ್ಟಿಯಿಂದ ವಾರಕ್ಕೆ ಐದು ದಿನ, ನಾಲ್ಕು ವಾರ ಬೆಳಗಾವಿಗೆ ಬಂದುಹೋಗುವ ಬಸ್ಸು, ಊಟ, ಅಂಗಡಿ ಬಿಟ್ಟ ದಿನಗಳು ಇವನ್ನೂ ಸೇರಿಸಿ. ಹಾಗೆ ಕೂಡಿದರೆ 60 ಸಾವಿರದಲ್ಲಿ ಮುಗಿಯುವುದಿಲ್ಲ.

ಬೆಳಗಾವಿ ದೂರ ಆದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಬಾಗಲಕೋಟೆ ಮತ್ತು ವಿಜಯಪುರದ ಮೆಡಿಕಲ್ ಕಾಲೇಜುಗಳಲ್ಲೂ ಮನೋವೈದ್ಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ. ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ರಾತ್ರಿ ಏನಾದರೂ ಗಾಬರಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಮಗ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುತ್ತದೆ, ಅವಳಿಗಳ ಅಧ್ಯಯನಗಳಲ್ಲಿ ಶೇ 70ಕ್ಕಿಂತ ಹೆಚ್ಚು ಪಾಲು ವಂಶದ್ದೇ ಅಂತ ಕಂಡಿದೆ. ಹಾಗಾಗಿ ನಿಮ್ಮ ಅನುಮಾನ ಸರಿ ಇರಬಹುದು, ಅವನನ್ನು ತೋರಿಸಿ. ಆದರೆ ಯಂತ್ರ ಬೇಡ. ಮಕ್ಕಳಿಗೆ ಅಂತಲೇ ರಾತ್ರಿ ಮಲಗುವಾಗ ಹಣೆಗೆ ಅಂಟಿಸುವ ಒಂದು ಸಾಧನಕ್ಕೆ 2019ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು, 62 ಮಕ್ಕಳ ಒಂದು ಅಧ್ಯಯನದ ಮೇಲೆ. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಅದನ್ನೇ 150 ಮಕ್ಕಳ ಮೇಲೆ, ಇನ್ನೂ ಬಿಗಿಯಾಗಿ ಪರೀಕ್ಷಿಸಿದಾಗ ನಕಲಿಗಿಂತ ಹೆಚ್ಚಿನದೇನೂ ಸಿಗಲಿಲ್ಲ. ಮಗನ ಶಾಲೆಯ ಟೀಚರ್ ಹತ್ತಿರ ಅವನು ತರಗತಿಯಲ್ಲಿ ಹೇಗಿರುತ್ತಾನೆ ಅಂತ ಒಂದು ಪುಟ ಬರೆಸಿಕೊಳ್ಳಿ, ಹಳೆಯ ನೋಟ್‌ಬುಕ್ ಎರಡು ಜೊತೆಗಿಡಿ. ನಿಮ್ಮ ಮಾತ್ರೆ ಕೇಳಲು ಹೋಗುವ ದಿನವೇ ಅವನನ್ನೂ ಕರೆದುಕೊಂಡು ಹೋಗಿ, ಆಗ ಒಂದು ಓಡಾಟ ಉಳಿಯುತ್ತದೆ.